ಕೆರೆಯದ ತಂತಿ

ಹುಲುಗಪ್ಪ ಅದನ್ನು ತಂದದ್ದು ಜೀನ್ಸಿನ ತುಂಡಲ್ಲಿ ಸುತ್ತಿ.
ಕೌಲ್ ಬಜಾರಿನಲ್ಲಿ ಅವನ ತಾಯಿ ತುಳಿಯುವ
ಹೊಲಿಗೆ ಯಂತ್ರದ ಮೋಟಾರು, ಅರ್ಧ ಎಚ್.ಪಿ.
ಸುಟ್ಟ ವಾರ್ನಿಷಿನ ವಾಸನೆ
ಅವನಿಗಿಂತ ಮೊದಲೇ ಲ್ಯಾಬಿನೊಳಗೆ ಬಂತು.

"ಸಿಲಬಸ್ಸಿನಾಗ ಇದು ಐತೇನ್ರಿ ಮೇಡಂ?"
ಇತ್ತು. ಮೂರನೇ ಘಟಕ, ಹತ್ತು ಅಂಕ.
ಹನ್ನೊಂದು ವರ್ಷ ಅದನ್ನು ಬರೆದು ಒರೆಸಿದ್ದೇನೆ
ಬಳ್ಳಾರಿಯ ಕೆಂಧೂಳು ಕೂತ ಅದೇ ಹಲಗೆಯ ಮೇಲೆ:
ಒಂದು ಕ್ಷೇತ್ರ ಹೀಗೆ ತಿರುಗುವುದು, ಇನ್ನೊಂದು ಹಾಗೆ,
ನಿಂತಾಗ ಎರಡೂ ಸಮ, ಆದ್ದರಿಂದ ಸೊನ್ನೆ.
ಒಂದು ಮೋಟಾರನ್ನೂ ಬಿಚ್ಚಿದವಳಲ್ಲ.

ಬಿಚ್ಚಿದೆವು.
ಇಪ್ಪತ್ನಾಲ್ಕು ಸೀಳು. ಶೇಕ್ಷಾವಲಿ ಸುತ್ತು ಎಣಿಸುತ್ತ
ಎಪ್ಪತ್ತರ ಹತ್ತಿರ ಫೋನು ಬಂದು ತಪ್ಪಿದ,
ಮತ್ತೆ ಒಂದರಿಂದ.
ಫ್ಯಾನು ನಿಂತ ಏಪ್ರಿಲ್ಲು. ಬೆವರು ತಾಮ್ರಕ್ಕೆ ಬೀಳದಂತೆ
ನಾಗವೇಣಿ ವೇಲನ್ನು ಹಣೆಗೆ ಕಟ್ಟಿಕೊಂಡಳು.
ನನಗೂ ಒಂದು ಕೆಲಸ ಕೊಟ್ಟರು, ಮರ್ಯಾದೆಗೆ:
ಸ್ಟಾರ್ಟಿಂಗ್ ಸುರುಳಿಯ ಕೊನೆ ಬೆಸೆಯುವುದು.

ಸ್ವಿಚ್ಚು.
ಗುಂಯ್ ಎಂದಿತು. ಕದಲಲಿಲ್ಲ.

ಲ್ಯಾಬಿನ ಅಟೆಂಡರ್ ಎರ್ರಿಸ್ವಾಮಿ ಸ್ಟೂಲಿನಿಂದ ಎದ್ದು
ರಾಟೆಗೆ ಸುತಳಿ ಸುತ್ತಿ ಎಳೆದ. ತಿರುಗಿತು.
ಆರಿಸಿ, ಉಲ್ಟಾ ಸುತ್ತಿ, ಮತ್ತೆ ಹಚ್ಚಿ ಎಳೆದ.
ಅತ್ತಲೂ ತಿರುಗಿತು, ಅಷ್ಟೇ ಖುಷಿಯಿಂದ.
ಹುಡುಗರು ಹೋ ಎಂದರು.
ನಾನು ಸುಮ್ಮನೆ ನಿಂತೆ:
ಆ ಸೊನ್ನೆ ಎಂದರೆ ಇದು,
ಯಾವ ಕಡೆಗೆಂದು ಯಾರಾದರೂ ಮುಟ್ಟಿ ಹೇಳಲಿ ಎಂದು
ನಿಂತಲ್ಲೇ ನಡುಗುವುದು.

"ಎನಾಮಲ್ ಕೆರ್ದಿಲ್ರಿ ಮೇಡಂ" ಎಂದ ಆಮೇಲೆ,
ನಾನು ಬೆಸೆದ ಗಂಟನ್ನು ಬ್ಲೇಡಿನ ತುದಿಯಲ್ಲಿ ಎತ್ತಿ.
ತಾಮ್ರದ ಮೇಲೇ ಇದ್ದ, ತಾಮ್ರದ್ದೇ ಬಣ್ಣದ ಪೊರೆ.
ಮೊದಲೇ ಹೇಳಬಾರದಿತ್ತೇ?
"ಹನ್ನೊಂದು ವರ್ಷದಾಗ ನೀವು ಕೇಳೇ ಇಲ್ಲಲ್ರಿ."
ನಗಲಿಲ್ಲ ಅವನು, ಅಲ್ಲ, ಅವರು.
ಬ್ಲೇಡು ನನ್ನ ಕೈಗೆ ಕೊಟ್ಟರು.

ಸೋಮವಾರ ಮೋಟಾರು ಕೌಲ್ ಬಜಾರಿಗೆ ಮರಳಿತು.
ತಾಯಮ್ಮ, ಉಗುರಿನ ಸಂದಿಯೆಲ್ಲ ನೀಲಿ,
ಎರಡು ಜೇಬು ಹೊಲಿದು, ಕಾಲು ತೆಗೆದು, ಕಿವಿಗೊಟ್ಟು
"ಮೊದ್ಲಿಗಿಂತ ಸದ್ದು ಜಾಸ್ತಿ ಐತಿ" ಎಂದಳು.

ರೆಕಾರ್ಡ್ ಪುಸ್ತಕದಲ್ಲಿ 'ಫಲಿತಾಂಶ' ಎಂಬಲ್ಲಿ
ನಾಗವೇಣಿ ಅದನ್ನೇ ಬರೆದು ತಂದಳು.
ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ: ಬೇರಿಂಗ್ ನೋಡಬೇಕು.
ಸಹಿ ಹಾಕಿದೆ.
ಬೆರಳಿನ ಗುರುತೂ ಬಿತ್ತು, ವಾರ್ನಿಷಿನದು.