ಮುನ್ನೂರ ಒಂದು ಗಜ

ಬಿಸ್ಕತ್ತಿನ ಹಳೆ ಡಬ್ಬಿಗೆ ದುಡ್ಡು ಹಾಕಿ
ಯಾರು ಬೇಕಾದರೂ ಆಡಬಹುದು ಇಲ್ಲಿ.
ಕಾವಲಿಗೆ ಯಾರೂ ಇಲ್ಲ; ಗಾಳಿಯಿದೆ,
ಮುಚ್ಚಳದ ಮೇಲೆ ನಾನಿಟ್ಟ ಕಲ್ಲಿದೆ.
ಇರುವುದು ಒಂಬತ್ತೇ ಕುಳಿ. ನನಗಿಂತ ಮೊದಲು
ಕುರಿಗಳೇ ಹುಲ್ಲು ಕತ್ತರಿಸಿರುತ್ತವೆ,
ಸಂಬಳ ಮಾತ್ರ ನನಗೆ.

ಜೂನ್ ತಿಂಗಳ ಶನಿವಾರ. ರಾತ್ರಿ ಹತ್ತಾದರೂ ಬೆಳಕು
ಹೊಸ್ತಿಲಲ್ಲಿ ನಿಂತು ಮಾತಾಡುವ ನೆಂಟನಂತೆ
ಹೊರಟೆ ಹೊರಟೆ ಎನ್ನುತ್ತ ಹೊರಡುವುದೇ ಇಲ್ಲ.
ನಾನು, ಮರ್ಡೊ, ಮತ್ತೆ ಹಡಗು ತಪ್ಪಿಸಿಕೊಂಡ
ಹಾಲೆಂಡಿನ ಹುಡುಗ ಯೋಸ್ಟ್,
ಆರು ಮುಗಿಸಿ ಏಳಕ್ಕೆ ಬಂದೆವು.

ಏಳಕ್ಕೆ ಬಂದವರು ಮೊದಲು ಮಾತು ನಿಲ್ಲಿಸುತ್ತಾರೆ.
ಎಡಕ್ಕೆ ಕಡಲು, ಬೆನ್ನಿಗೆ ಕಡಲು, ಮುಂದೆ
ನಾಲಗೆ ಚಾಚಿದಂತೆ ಒಂದಿಷ್ಟು ಹಸಿರು,
ತುದಿಯಲ್ಲಿ ಬಾವುಟ, ಅದರಾಚೆ ಮತ್ತೆ ಕಡಲೇ.
ಕೆಳಗೆ ಬಂಡೆಗಳ ನಡುವೆ ನೀರು ಕೊತಕೊತ;
ಕೆಂಪು ಕೊಕ್ಕಿನ ಹಕ್ಕಿಗಳು ನಮ್ಮನ್ನು ಬೈಯುತ್ತ ಎದ್ದವು.
ಯೋಸ್ಟ್ ಹತ್ತು ಫೋಟೊ ತೆಗೆದ. ಹನ್ನೊಂದನೆಯದಕ್ಕೆ
ಎತ್ತಿದ ಕೈಯನ್ನು ಸುಮ್ಮನೆ ಇಳಿಸಿದ.

ಆಮೇಲೆ ದೂರ ಅಳೆಯುವ ಯಂತ್ರ ಕಣ್ಣಿಗಿಟ್ಟು
ಇನ್ನೂರ ಅರವತ್ತೆಂಟು, ಎಂದ.
ಕಾರ್ಡಿನಲ್ಲಿ ಮುನ್ನೂರ ಒಂದು ಗಜ ಎಂದಿದೆಯಲ್ಲ?
ಮರ್ಡೊ ಮುಖ ತಿರುಗಿಸಿದ.
ನಾನೇ ಹೇಳಬೇಕಾಯಿತು: ಕಾರ್ಡು ಸುಳ್ಳಲ್ಲ, ಹಳೆಯದು.
ಅಗ್ಗವೆಂದು ಒಂದು ವರ್ಷ ಎರಡು ಸಾವಿರ ಅಚ್ಚು ಹಾಕಿಸಿದೆವು,
ಪೆಟ್ಟಿಗೆ ಇನ್ನೂ ಅರ್ಧ ಖಾಲಿಯಾಗಿಲ್ಲ.
ಅಷ್ಟರಲ್ಲಿ ಕಡಲು ಮೂವತ್ತಮೂರು ಗಜ
ಕಡವೆಂದೂ ಹೇಳದೆ ಒಯ್ದಿದೆ.
ಪ್ರತಿ ಚಳಿಗಾಲ ಅಂಚು ಕುಸಿದಾಗ
ಬಿಳಿ ಗುರುತುಗಳೆರಡನ್ನೂ ಕಿತ್ತು ಒಳಗೆ ನೆಡುತ್ತೇನೆ.
ಇಷ್ಟೇ ನನ್ನ ಯುದ್ಧ.

ಮರ್ಡೊನ ವಿಚಾರ ಹೇಳಲಿಲ್ಲ.
ನಲವತ್ತು ವರ್ಷ ಹಡಗಿನ ಹಗ್ಗ ಎಳೆದ ಭುಜ;
ಎಪ್ಪತ್ತು ದಾಟಿದ ಮೇಲೆ ಅವನ ಹೊಡೆತದಿಂದಲೂ
ವರ್ಷಕ್ಕೆ ಮೂರು ನಾಲ್ಕು ಗಜ ಸೋರಿಹೋಗುತ್ತಿದೆ.
ಅವನು ಯಾರಿಗೂ ಹೇಳಿಲ್ಲ. ಆದರೆ ಹುಲ್ಲು ನೋಡುವವಳಿಗೆ
ಎರಡನೆಯ ಹೊಡೆತಕ್ಕೆ ಎದ್ದ ಮಣ್ಣಿನ ಗಾಯ
ಯಾವ ವರ್ಷ ಎಲ್ಲಿತ್ತೆಂದು ತಿಳಿದಿರುತ್ತದೆ.
ಆ ತೋಳು, ಈ ನೆಲ, ಎರಡೂ ಒಂದೇ ಲೆಕ್ಕದಲ್ಲಿ ಸವೆದು
ಇವತ್ತಿಗೂ ಏಳರಲ್ಲಿ ಅವನು
ಎರಡೇ ಹೊಡೆತಕ್ಕೆ ಬಾವುಟದ ಬಳಿ.
ಉಳಿದ ಎಂಟರಲ್ಲಿ ಮುದುಕ. ಇಲ್ಲಿ ಮಾತ್ರ
ಮದುವೆಯಾದ ವರ್ಷದ ಮರ್ಡೊ.

ಗಾಳಿ ಬಂದಾಗ ತೂರಿಕೊಳ್ಳುವವರ ಆಟವಲ್ಲ ಇದು,
ಗಾಳಿ ಉಸಿರೆಳೆದುಕೊಳ್ಳುವ ಗಳಿಗೆಗೆ ಕಾಯಬೇಕು.
ಕಾದ.
ಹೊಡೆದ.
ಚೆಂಡು ಕಡಲ ಮೇಲೆ ಹೋಯಿತು, ಹೋಗಿಯೇಬಿಟ್ಟಿತು ಎನ್ನುವಾಗ
ಅಂಗಡಿಗೆ ಓಡಿದ ಹುಡುಗನನ್ನು
ಚೀಲ ಮರೆತನೆಂದು ಕೂಗಿ ಕರೆದಂತೆ
ಗಾಳಿ ವಾಪಸು ಕರೆಯಿತು.
ಎರಡನೆಯದು ಗ್ರೀನಿನ ಅಂಚಿಗೆ. ಮೂರನೆಯದು ಕುಳಿಯ ತುಟಿಗೆ.
ಪೆನ್ಸಿಲು ನಾಲಗೆಗೆ ತಾಗಿಸಿ ನಾಲ್ಕು ಬರೆದ,
ಎಪ್ಪತ್ತೊಂದನೆಯ ಇಸವಿಯಲ್ಲಿ ಬರೆದ ಅದೇ ನಾಲ್ಕು.
ಯೋಸ್ಟ್ ಎರಡು ಚೆಂಡು ಅಲೆಗೆ ಕೊಟ್ಟು
ಒಂಬತ್ತು ಬರೆದುಕೊಂಡು ನಕ್ಕ.

ನಾಳೆ ಭಾನುವಾರ. ಗೇಟಿಗೆ ಬೀಗ.
ಈ ದ್ವೀಪದಲ್ಲಿ ಭಾನುವಾರ
ಒದ್ದೆ ಬಟ್ಟೆಯನ್ನೂ ಹಗ್ಗಕ್ಕೆ ಹಾಕುವುದಿಲ್ಲ.
ಕಡಲಿಗೆ ಮಾತ್ರ ಭಾನುವಾರವಿಲ್ಲ.

ಅವರು ಮುಂದೆ ನಡೆದರು. ನಾನು ಹಿಂದಕ್ಕೆ ಬಂದೆ.
ಎಡಗಡೆ ಗುರುತಿನ ಬುಡದಲ್ಲಿ ಬಿರುಕು,
ಮೊನ್ನೆ ಇರಲಿಲ್ಲ, ಬೆರಳು ಹೋಗುತ್ತದೆ.
ಮಣ್ಣಿನ ಲೆಕ್ಕಕ್ಕೆ ಆರು ಹೆಜ್ಜೆ ಸಾಕು.
ದೂರದಲ್ಲಿ ಮರ್ಡೊ ಕ್ಲಬ್ಬಿಗೆ ಭಾರ ಕೊಟ್ಟು ನಿಂತು
ಭುಜ ನೀವಿಕೊಳ್ಳುತ್ತಿದ್ದ.
ಹತ್ತು ಎಣಿಸಿ ನೆಟ್ಟೆ.