ಎಡದಿಂದ ಮೂರನೆಯವನು

ಗುರುವಾರ ರಾತ್ರಿ ಒಂಬತ್ತಕ್ಕೆ
ಬುಡಾಪೆಸ್ಟಿನ ಎಂಟನೇ ಜಿಲ್ಲೆಯ
ಈ ನೆಲಮಾಳಿಗೆಯ ಬಿಯರಂಗಡಿಯಲ್ಲಿ
ಫುಟ್‌ಬಾಲ್ ಆರಿಸಿ ‘ಬೂದಿಕಕ್ಷೆ’ ಹಾಕುತ್ತಾರೆ.
ಟಿವಿಯ ಒಂದು ಮೂಲೆ ಕೆಟ್ಟು ಹಸಿರಾಗಿದೆ,
ಹಾಗಾಗಿ ಶನಿಗ್ರಹಕ್ಕೂ ಕೊಂಚ ಪಾಚಿ.

ಚೋಂಗೊರ್ ಆ ಆಟವನ್ನು ಹನ್ನೊಂದು ವರ್ಷ ಆಡಿದವನು.
ಮೊದಲ ಕಂತಿನ ಮೊದಲ ದೃಶ್ಯಕ್ಕೇ ಲೋಟ ಕುಕ್ಕಿದ್ದ:
“ಆ ಬಾಗಿಲು ಎಡಕ್ಕೆ ಸರಿಯಬೇಕು, ಮೇಲಕ್ಕಲ್ಲ!
ಕಣ್ಣು ಮುಚ್ಚಿ ಓಡಬಲ್ಲೆ ನಾನು ಆ ಹಡಗಿನೊಳಗೆ.
ನಮ್ಮ ಮನೆಯ ಬಚ್ಚಲಿನ ಸ್ವಿಚ್ಚಿಗೆ ಇವತ್ತಿಗೂ ತಡಕಾಡುತ್ತೇನೆ,
ಆ ಬಾಗಿಲಿಗಲ್ಲ.”

ಬೊಗ್ಲಾರ್ಕಾಳ ಸಿಟ್ಟೇ ಬೇರೆ.
ಆಟದ ನಾಯಕಿಗೆ ಮಾತೇ ಇರಲಿಲ್ಲ.
ಹದಿನಾಲ್ಕರಲ್ಲಿ, ಅಪ್ಪ ಅಮ್ಮ ತಟ್ಟೆ ಎಸೆದಾಡುವಾಗ,
ಆ ಮೌನದೊಳಗೆ ಹೋಗಿ ಕೂತುಬಿಡುತ್ತಿದ್ದಳಂತೆ ಇವಳು.
“ಈಗ ಬಾಯಿ ಕೊಟ್ಟಿದ್ದಾರೆ, ಪ್ರಿಯಕರನನ್ನು ಕೊಟ್ಟಿದ್ದಾರೆ,
ನನ್ನನ್ನು ಮಾತ್ರ ಹೊರಗೆ ದೂಡಿ
ಚಿಲಕ ಹಾಕಿಕೊಂಡಿದ್ದಾರೆ.”

ಯಾವ ಆಟವೂ ಆಡದ ಬೆರ್ತಲಾನ್, ಟ್ರಾಮ್ ಓಡಿಸುವವನು:
“ನನಗೇನೋ ಹಿಡಿಸಿತಪ್ಪ. ಒಬ್ಬ ಹೆಂಗಸು,
ತಲೆಕೆಟ್ಟ ಮೇಲಧಿಕಾರಿ, ಬಾರದ ಸಂಬಳ.
ಆಕಾಶದಲ್ಲಿದ್ದರೇನು, ನಮ್ಮ ಡಿಪೋದ ಕಥೆಯೇ.”
ಎತ್ತು ಏರಿಗೆ, ಕೋಣ ನೀರಿಗೆ.
ನಡುವೆ ಜಾಹೀರಾತು ಬಂದು
ಎಲ್ಲರಿಗೂ ಒಂದೇ ಸೋಪು ತೋರಿಸಿತು.

ನಾನು ಉಪ್ಪಿನ ಕುಂಬಳಬೀಜ ಬಿಡಿಸುತ್ತ ಕೂತಿದ್ದೆ.
ಹೇಳಿರಲಿಲ್ಲ ಯಾರಿಗೂ.
ಊರಾಚೆಯ ಸ್ಟುಡಿಯೋದಲ್ಲಿ, ಹೋದ ಫೆಬ್ರವರಿಯಲ್ಲಿ,
ದಿನಕ್ಕಿಷ್ಟು ಎಂದು ಫೋರಿಂಟ್ ಎಣಿಸಿಕೊಂಡು
ಈ ಸರಣಿಯಲ್ಲಿ ಏಳು ಸಲ ಸತ್ತಿದ್ದೇನೆ.

ಎರಡು ಸಲ ಬೆಂಕಿಯಲ್ಲಿ.
ಒಂದು ಸಲ ಬರೀ ಕಾಲು ಮಾತ್ರ.
ಒಂದು ಸಲ ಗಾಳಿಯಿಲ್ಲದ ಶೂನ್ಯದಲ್ಲಿ, ಹಗ್ಗಕ್ಕೆ ತೂಗಿ;
ಊಟದ ಬಿಡುವಿಗೆ ಇಳಿಸುವುದನ್ನೇ ಮರೆತರು.
ಕೆಳಗೆ ಸಾರಿನ ಘಮ, ಮೇಲೆ ನಾನು ಮತ್ತು ಅಂತರಿಕ್ಷ.
ಪ್ಲಾಸ್ಟಿಕ್ ಶಿರಸ್ತ್ರಾಣದೊಳಗೆ
ನನ್ನ ಉಸಿರೇ ಹನಿಯಾಗಿ ನನ್ನ ಮೂಗಿಗೆ ತೊಟ್ಟಿಕ್ಕುತ್ತಿತ್ತು.
ಉಳಿದ ಸಾವುಗಳು ನೆನಪಿಲ್ಲ.

ಆಟದಲ್ಲಿ ನಮ್ಮಂಥವರಿಗೆ ಹೆಸರಿಲ್ಲ.
ಬಿದ್ದ ಮೂರು ಕ್ಷಣಕ್ಕೆ ನೆಲವೇ ನುಂಗಿಬಿಡುತ್ತದೆ.
ಚೋಂಗೊರ್ ಲೆಕ್ಕ ಇಟ್ಟಿದ್ದಾನೆ:
ನಲವತ್ತು ಸಾವಿರ ಕೊಂದಿದ್ದಾನಂತೆ.
ಒಳ್ಳೆಯ ಹುಡುಗ. ಹೋದ ತಿಂಗಳು ನನ್ನ ಫ್ರಿಜ್ಜನ್ನು
ನಾಲ್ಕು ಮಹಡಿ ಹೊತ್ತು ತಂದವನು ಇವನೇ.

ಇವತ್ತು ಐದನೇ ಕಂತು. ಸೇತುವೆಯ ಕಾಳಗ.
“ಥೂ, ಸಾಯುವುದಕ್ಕೂ ಬರುವುದಿಲ್ಲ ಈ ಬಾಡಿಗೆ ಜನಕ್ಕೆ,
ಆಟದಲ್ಲಿ ಎಷ್ಟು ಚೊಕ್ಕವಾಗಿ ಬೀಳುತ್ತಾರೆ!”
ಆಗ ಅಂಗಡಿಯವನ ತಾಯಿ, ಪಿರೋಷ್ಕಾ ಅಜ್ಜಿ,
ಲೋಟ ಒರೆಸುತ್ತಿದ್ದವಳು, ಒದ್ದೆ ಬಟ್ಟೆಯಲ್ಲೇ ಬೊಟ್ಟು ಮಾಡಿ:
“ಅಲ್ಲಿ, ಎಡದಿಂದ ಮೂರನೆಯವನು.
ಬೀಳುವಾಗ ಮೊದಲು ಕೈ ಚಾಚಿದ, ನೋಡಿದಿರಾ?
ಹಿಮಗಟ್ಟಿದ ರಸ್ತೆಯಲ್ಲಿ ಜಾರಿದವರು ಹಾಗೆ ಬೀಳುತ್ತಾರೆ.
ಪಾಪ, ಅವನಿಗೆ ನಿಜಕ್ಕೂ ಪೆಟ್ಟಾಗಿದೆ.”

ಯಾರೂ ನೋಡಿರಲಿಲ್ಲ.
ದೃಶ್ಯ ಆಗಲೇ ಬೇರೊಂದು ಗ್ರಹಕ್ಕೆ ಹಾರಿತ್ತು.

ಮಣಿಕಟ್ಟು. ಎಡದ್ದು.
ನೆಲಕ್ಕೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ.
ನಿರ್ದೇಶಕ ನಿಲ್ಲಿಸಲಿಲ್ಲ, ಚೆನ್ನಾಗಿ ಬಂತು ಅಂದನಂತೆ.
ಚಳಿ ಬಿದ್ದರೆ ಈಗಲೂ ಬೀಜ ಬಿಡಿಸುವುದು ನಿಧಾನ.

“ಅಜ್ಜೀ, ಅದು ನಟನೆ,” ಎಂದ ಚೋಂಗೊರ್.
“ಇರಬಹುದು,” ಎಂದಳು, ಲೋಟವನ್ನು ದೀಪಕ್ಕೆ ಹಿಡಿದು,
ಲೋಟದ ಆಚೆಯಿಂದ ಒಂದು ಗಳಿಗೆ
ನನ್ನ ಕಡೆ ನೋಡಿದಳೋ, ಕಲೆ ಹುಡುಕಿದಳೋ.

ಕೊನೆಗೆ ನನ್ನ ಅಭಿಪ್ರಾಯವನ್ನೂ ಕೇಳಿದರು.
ಬಲಗೈಯಲ್ಲಿ ಲೋಟ ಎತ್ತಿ
“ಬಾಗಿಲು ಎಡಕ್ಕೇ ಸರಿಯಬೇಕಿತ್ತು,” ಎಂದೆ.

ಬಿಯರಿನ ಲೋಟ ತಾಗಿಸಬಾರದು ಅನ್ನುತ್ತಾರೆ ಇಲ್ಲಿಯ ಹಿರಿಯರು;
ನಾವು ಬರೀ ಎತ್ತಿ ಹಿಡಿದೆವು.
“ಹೀಗಿರಬೇಕು ಸ್ನೇಹಿತ ಅಂದರೆ!” ಬೆನ್ನು ತಟ್ಟಿ
ಚೋಂಗೊರ್ ನನಗಿನ್ನೊಂದು ತರಿಸಿದ,
ತನ್ನ ಲೆಕ್ಕದಲ್ಲಿ.