ಬಿರುಗಾಲಿ ಒಕ್ಕೂಟದ ಚರಿತ್ರೆ

ಮೊದಲು ಹೆಸರಿನ ವಿಷಯ.
ಬಿರುಗಾಳಿ ಎಂದು ಬರೆಯಹೋದವನು ಇಲ್ಗ್ವಾರ್ಸ್.
ಬಂದರಿನಲ್ಲಿ ಕ್ರೇನು ನಡೆಸುವ ದಪ್ಪ ಬೆರಳು
ಒಂದಕ್ಷರ ಜಾರಿ ಬಿರುಗಾಲಿ ಆಯಿತು.
ತಿದ್ದಲು ನೂರು ಚಿನ್ನದ ನಾಣ್ಯ ಕೇಳಿತು ಆಟ.
ಏಳು ಜನರ ಕಿಸೆ ಕೊಡವಿದರೂ ನಲವತ್ತು ಮೀರಲಿಲ್ಲ.
ಇರಲಿ ಬಿಡಿ, ಗಾಲಿಯೂ ತಿರುಗುತ್ತದೆ ಎಂದಳು ಸ್ಕಾಯ್ದ್ರೀತೆ.
ಲಾಂಛನಕ್ಕೊಂದು ಚಕ್ರ ಸಿಕ್ಕಿತು.

ಆಗ ಲಿಯೆಪಾಯದಲ್ಲಿ ಫೆಬ್ರವರಿ.
ಸಮುದ್ರದ ಅಂಚು ಹಾಲಿನ ಕೆನೆಯ ಹಾಗೆ ಹೆಪ್ಪುಗಟ್ಟಿತ್ತು.
ಊರಿಗೊಂದೇ ಟ್ರಾಮು ದಾರಿ; ಅದರ ಷೆಡ್ಡಿನಲ್ಲಿ ನನ್ನ ರಾತ್ರಿ ಪಾಳಿ.
ಗ್ರೀಸು ಮೆತ್ತಿದ ಕೈಯಲ್ಲೇ ಕಚೇರಿಯ ಹಳೇ ಕಂಪ್ಯೂಟರು ಎಬ್ಬಿಸಿದರೆ
ಅಲ್ಲೊಂದು ಹಳ್ಳಿ, ನನ್ನದು:
ನಾಲ್ಕು ಗೋಧಿ ಹೊಲ, ಮಣ್ಣಿನ ಗಣಿ,
ಮೇಕೆ ದಾಟಬಹುದಾದ ಒಂದು ಗೋಡೆ.

ನಗುತ್ತೀರಿ. ನಗಿ.
ಆ ಆಟದಲ್ಲಿ ಪಕ್ಕದ ಹಳ್ಳಿಗೆ ದಂಡು ನಡೆಯಲು
ಹನ್ನೊಂದು ಗಂಟೆ ನಲವತ್ತು ನಿಮಿಷ, ನಿಜವಾದ ಗಂಟೆ, ನಿಜವಾದ ನಿಮಿಷ.
ಶತ್ರು ಹೊರಟಿದ್ದಾನೆಂದು ತಿಳಿದೂ
ಬೇರೆಯವರ ಬ್ರೇಕು ಬಿಗಿಮಾಡುತ್ತ ಕೂರಬೇಕು.

ಸ್ಕಾಯ್ದ್ರೀತೆ ಔಷಧಿ ಅಂಗಡಿಯ ರಾತ್ರಿ ಕಿಟಕಿ ಕಾಯುತ್ತಿದ್ದಳು.
ಯಾರಿಗೋ ಕೆಮ್ಮಿನ ಸಿರಪ್ಪು ಕೊಟ್ಟು, ಚಿಲ್ಲರೆ ಎಣಿಸಿ,
ಮತ್ತೆ ಕೂತು, ಹಸಿದ ಮೂರು ಹಳ್ಳಿಗಳಿಗೆ ಗಾಡಿ ಹೂಡುವಳು.
ಅವಳ ಕಣಜ ಎಂದೂ ತುಂಬಲಿಲ್ಲ.
ಶೂರರ ಪಟ್ಟಿಯಲ್ಲಿ ಅವಳ ಹೆಸರು ಹುಡುಕಬೇಡಿ.

ಎರಡನೇ ವರ್ಷಕ್ಕೆ ಅರವತ್ತು ಜನ.
ತುರ್ಕುವಿನಿಂದ ತೂಲಿಕ್ಕಿ ಬಂದಳು, ಈಟಿಯವರ ಸಾವಿರ ಸಾಲು ಹಿಡಿದು.
ಕ್ಲೈಪೆಡದಿಂದ ರಿಮ್ವಿದಾಸ್.
ಅವನು ಲೆಕ್ಕದವನು.
ಯಾರ ಗೋಡೆ ಎಷ್ಟನೇ ಮಟ್ಟ, ಯಾರು ಎಷ್ಟಕ್ಕೆ ಮಲಗುತ್ತಾರೆ,
ಎಲ್ಲ ಬರೆದಿಟ್ಟವನು ಅವನೇ, ನಾವೇ ಹೇಳಿ ಬರೆಸಿದ್ದು.

ಜೂನ್ ಇಪ್ಪತ್ಮೂರು. ವರ್ಷದ ಗಿಡ್ಡ ರಾತ್ರಿ.
ಓಕ್ ಎಲೆಯ ಕಿರೀಟ, ಶಾಜೀರಿಗೆ ಹಾಕಿದ ಗಿಣ್ಣು, ಬಿಯರು,
ಕೈ ಕೈ ಹಿಡಿದು ಬೆಂಕಿ ಹಾರುವ ಜೋಡಿಗಳು.
ಬೆಳಗ್ಗೆ ಬಂದು ನೋಡಿದರೆ ಹತ್ತೊಂಬತ್ತು ಹಳ್ಳಿ ಬೂದಿ.
'ಕಬ್ಬಿಣದ ಹಲ್ಲು' ಪಡೆ ಪ್ರತಿ ಗೋಡೆಗೂ
ಅಳತೆ ತೆಗೆದು ಹೊಲಿಸಿದಷ್ಟೇ ದಂಡು ಕಳಿಸಿತ್ತು.
ರಿಮ್ವಿದಾಸನ ಖಾತೆ ಖಾಲಿ.

ಉಂಡ ಮನೆಯ ಗಳ ಎಣಿಸಿದವನು ಎಂದು ಬರೆದೆ.
ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.
ಅದೇ ಪುಟದಲ್ಲಿ, ಕೆಳಗೆ:
'ದಕ್ಷಿಣದಲ್ಲಿ ಟ್ರಾಮಿನವಳ ಹಳ್ಳಿಯೊಂದೇ ಎದೆಗುಂದದೆ ನಿಂತಿತು.'
ನಿಂತದ್ದು ನಿಜ.
ಎದೆ ಅಲ್ಲಿರಲಿಲ್ಲ; ಬೆಂಕಿಯ ಪಕ್ಕ, ಹುಲ್ಲಿನ ಮೆದೆಯಲ್ಲಿ
ಗೊರಕೆ ಹೊಡೆಯುತ್ತಿತ್ತು.

ಮುಂದಿನ ವಸಂತಕ್ಕೆ ಆ ಲೋಕವನ್ನೇ ಮುಚ್ಚಿದರು.
ಎರಡು ಸಾಲಿನ ನೋಟೀಸು. ಗೋಧಿಯೂ ಇಲ್ಲ, ಬೂದಿಯೂ ಇಲ್ಲ.
ಇಲ್ಗ್ವಾರ್ಸ್ ಆ ರಾತ್ರಿ ಫೋನು ಮಾಡಿ, ಏನೂ ಹೇಳದೆ,
ಬಂದರಿನ ಗಾಳಿ ಕೇಳಿಸಿ ಇಟ್ಟ.

ಒಂಬತ್ತು ವರ್ಷ ಕಳೆದು, ಕ್ಲೈಪೆಡದ ದೋಣಿ ಸಾಲಿನಲ್ಲಿ
ಒಬ್ಬ ನನ್ನ ಚೀಲದ ಮೇಲಿನ ಚಕ್ರ ನೋಡಿ ನಿಂತ.
ಹೊಗೆ ಹಾಕಿದ ಮೀನು ಅರ್ಧ ಮುರಿದು ಕೊಟ್ಟ.
ಯಾಕೋ ಇಸಿದುಕೊಂಡೆ.
'ನಿನ್ನ ಗೋಡೆ ಹದಿನಾಲ್ಕು' ಎಂದ. 'ಅವರಿಗೆ ಒಂಬತ್ತು ಅಂತ ಹೇಳಿದೆ.'
ಕೇಳುವ ಮೊದಲೇ ಅಂದ:
'ಆ ಚಳಿಗಾಲ ನನ್ನ ದಂಡು ಉಪವಾಸ ಬಿದ್ದಾಗ
ಕೇಳದೆ ಗೋಧಿ ಕಳಿಸಿದ್ದೆಯಲ್ಲ.'

ನಾನು ಕಳಿಸಿರಲಿಲ್ಲ.
ಆ ವಾರ ನನಗೆ ಜ್ವರ. ನನ್ನ ಹಳ್ಳಿ ನೋಡಿಕೊಂಡವಳು ಸ್ಕಾಯ್ದ್ರೀತೆ.
ಹೇಳೋಣ ಎನ್ನುವಷ್ಟರಲ್ಲಿ ದೋಣಿ ಕೂಗಿತು,
ಸಾಲು ತಳ್ಳಿತು, ಅವನು ಸೈಕಲ್ಲುಗಳ ನಡುವೆ ಮರೆಯಾದ.

ಮೀನು ಸುತ್ತಿದ್ದ ಕಾಗದದಲ್ಲಿ ಎರಡು ಅಂಕಿ ಬರೆದುಕೊಂಡೆ,
ಹದಿನಾಲ್ಕು, ಒಂಬತ್ತು.
ಅದನ್ನು ಚರಿತ್ರೆಯ ಪುಸ್ತಕದಲ್ಲಿ ಆ ಪುಟಕ್ಕೇ ಇಟ್ಟಿದ್ದೇನೆ.
ತಿದ್ದಿಲ್ಲ ಇನ್ನೂ.
ಎಣ್ಣೆ ಇಳಿದು ಮುಂದಿನ ಆರೇಳು ಪುಟ
ಮೀನು ನಾರುತ್ತಿವೆ.